ನಡುವೆ ನಿಂತವರ ಪದಕ

ಯುದ್ಧದಲ್ಲಿ ಶತ್ರುವನ್ನು ಸೋಲಿಸಿದವನಿಗೆ ಪದಕ ಕೊಡುತ್ತಾರೆ, ಅದು ನಮಗೆ ಅರ್ಥವಾಗುತ್ತದೆ. ಯಾವ ಊರನ್ನೂ ಗೆಲ್ಲದೆ, ಪರದೇಶದಲ್ಲಿ ಮೂರು ತಿಂಗಳು ಕಾವಲು ನಿಂತು ಬಂದವನಿಗೂ ಪದಕವೇ?

ಸೈನ್ಯದಿಂದ ನಿವೃತ್ತರಾದವರ ಮನೆಗಳಲ್ಲಿ ನೀವು ಅದನ್ನು ನೋಡಿರಬಹುದು. ಕಂಚಿನ ಬಿಲ್ಲೆ, ಬಣ್ಣದ ಪಟ್ಟೆಗಳ ರಿಬ್ಬನ್, ಮುಂಭಾಗದಲ್ಲಿ ವಿಶ್ವಸಂಸ್ಥೆಯ ಲಾಂಛನ, ಹಿಂಭಾಗದಲ್ಲಿ ‘ಶಾಂತಿಯ ಸೇವೆಯಲ್ಲಿ’ ಎಂಬ ಅರ್ಥದ ಬರಹ. ಬಹುತೇಕ ಶಾಂತಿಪಾಲನಾ ಕಾರ್ಯಗಳಲ್ಲಿ 90 ದಿನ ಸೇವೆ ಸಲ್ಲಿಸಿದರೆ ಅದು ಸಿಗುತ್ತದೆ. ಅಧಿಕಾರಿಗೂ ಅದೇ, ಅಡುಗೆಮನೆಯ ಸಿಪಾಯಿಗೂ ಅದೇ. ಸಾಹಸ ಲೆಕ್ಕಕ್ಕಿಲ್ಲ, ದಿನಗಳೇ ಲೆಕ್ಕ. ‘ಇದು ಹಾಜರಿಗೆ ಕೊಡುವ ಬಹುಮಾನ’ ಎಂದು ನಗುವವರೂ ಇದ್ದಾರೆ.

ಆದರೆ ಸಂತ ಥಾಮಸ್ ಅಕ್ವಿನಾಸರು ಈ ನಗುವಿಗೆ ಸೇರುತ್ತಿರಲಿಲ್ಲ. ಧೈರ್ಯವೆಂಬ ಸದ್ಗುಣವನ್ನು ವಿವೇಚಿಸುವಾಗ ಅವರು, ಅದರ ಮುಖ್ಯ ಕ್ರಿಯೆ ಆಕ್ರಮಣವಲ್ಲ, ಸಹಿಸಿ ನಿಲ್ಲುವುದು ಎನ್ನುತ್ತಾರೆ. ಮೇಲೆ ಬೀಳುವವನಿಗೆ ಅಪಾಯ ಇನ್ನೂ ಮುಂದಿರುತ್ತದೆ. ನಿಂತವನಿಗೆ ಅದು ಎದುರಿಗೇ ಇರುತ್ತದೆ. ಮೇಲೆ ಬೀಳುವುದು ಒಂದು ಗಳಿಗೆಯ ಆವೇಶದಲ್ಲಿ ಆಗಿಹೋಗಬಹುದು; ನಿಲ್ಲುವುದಕ್ಕೆ ದಿನಗಟ್ಟಲೆ ಮನಸ್ಸು ಬೇಕು. ಹೀಗೆ ನೋಡಿದರೆ ದಿನ ಎಣಿಸಿ ಕೊಡುವ ಪದಕ ಅಷ್ಟೇನೂ ಹಾಸ್ಯಾಸ್ಪದವಲ್ಲ.

ಇದಕ್ಕೆ ಉದಾಹರಣೆ ಹುಡುಕಲು ನಾವು ದೂರ ಹೋಗಬೇಕಿಲ್ಲ. ಪಿರಿಯಾಪಟ್ಟಣದಿಂದ ಬೈಲಕುಪ್ಪೆ, ಕುಶಾಲನಗರ ದಾಟಿದರೆ ಮಡಿಕೇರಿ. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಬರ್ಮಾ ಮತ್ತು ಕಾಶ್ಮೀರದ ಕದನಗಳಲ್ಲಿ ಅವರು ತೋರಿದ ಶೌರ್ಯ ಎಲ್ಲರಿಗೂ ಗೊತ್ತು. ಅವರು ನಡುವೆ ನಿಂತ ಕಥೆ ಅಷ್ಟು ಗೊತ್ತಿಲ್ಲ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಭಾರತದ ಸೈನಿಕರ ವಶಕ್ಕೆ ಒಪ್ಪಿಸಲಾಯಿತು. ಇವರ ವಿಷಯ ನೋಡಿಕೊಳ್ಳಲು ನೇಮಿಸಿದ ಐದು ತಟಸ್ಥ ದೇಶಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಎರಡು ಕಡೆಯವರಿಂದಲೂ ಬೈಸಿಕೊಳ್ಳುವ ಕೆಲಸವದು.

1961ರಲ್ಲಿ ಭೂಸೇನೆಯ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಹಾಯಾಗಿರಬಹುದಿತ್ತು. 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ಗ್ರೀಕರ ಮತ್ತು ತುರ್ಕರ ನಡುವೆ ನಿಂತ ವಿಶ್ವಸಂಸ್ಥೆಯ ಪಡೆಯ ಹೊಣೆ ಹೊತ್ತರು. 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ಅಲ್ಲೇ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಫಲವೇನು ಎಂದು ಕೇಳುವಿರಾ? 1974ರಲ್ಲಿ ಯುದ್ಧ ನಡೆದು ಸೈಪ್ರಸ್ ಎರಡು ಭಾಗವಾಯಿತು. ವಿಶ್ವಸಂಸ್ಥೆಯ ಸೈನಿಕರು ಇಂದಿಗೂ ಅಲ್ಲಿದ್ದಾರೆ. ಹಾಗೆಂದು ತಿಮ್ಮಯ್ಯನವರ ದುಡಿಮೆ ವ್ಯರ್ಥವೆಂದು ನಾನು ಹೇಳಲಾರೆ. ಶಾಂತಿಪಾಲಕನು ಶಾಂತಿಯನ್ನು ಕಟ್ಟಿಕೊಡುವವನಲ್ಲ. ಜಗಳವಾಡುವವರಿಗೆ ಯೋಚಿಸಲು ಸಮಯ ಕೊಡಿಸುವವನು. ಆ ಸಮಯವನ್ನು ಅವರು ಹಾಳುಮಾಡಿಕೊಂಡರೆ ತಪ್ಪು ಇವನದಲ್ಲ.

ಆದರೆ ಪ್ರಶ್ನೆಯ ಕಠಿಣ ಭಾಗ ಇನ್ನೊಂದಿದೆ. ಬಾಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣವನ್ನು ವಿಶ್ವಸಂಸ್ಥೆ ‘ಸುರಕ್ಷಿತ ಪ್ರದೇಶ’ವೆಂದು ಸಾರಿತ್ತು. ಡಚ್ ಸೈನಿಕರು ಕಾವಲಿದ್ದರು. 1995ರ ಜುಲೈಯಲ್ಲಿ ಬಾಸ್ನಿಯಾದ ಸರ್ಬ್ ಪಡೆ ಪಟ್ಟಣವನ್ನು ಹಿಡಿದು ಸುಮಾರು 8,000 ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದಿತು. ಡಚ್ ಶಿಬಿರದೊಳಗೆ ಆಶ್ರಯ ಪಡೆದಿದ್ದ 350 ಗಂಡಸರನ್ನು ಗೇಟಿನಿಂದ ಹೊರಗೆ ಕಳುಹಿಸಲಾಯಿತು. 2006ರಲ್ಲಿ ಡಚ್ ಸರ್ಕಾರ, ಕಷ್ಟದ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸಿದರೆಂದು, ಆ ಸೈನಿಕರಿಗೆ ಗೌರವ ಬಿಲ್ಲೆಯನ್ನು ಕೊಟ್ಟಾಗ ಮಕ್ಕಳನ್ನೂ ಗಂಡಂದಿರನ್ನೂ ಕಳೆದುಕೊಂಡ ಹೆಂಗಸರು ಪ್ರತಿಭಟಿಸಿದರು. ಆ ಸೈನಿಕರ ಬಳಿ ಸಾಕಷ್ಟು ಆಯುಧವಿರಲಿಲ್ಲ, ಕೇಳಿದ ನೆರವು ಬರಲಿಲ್ಲ, ನಿಜ. ಇಲ್ಲಿ ಕುಳಿತು ಅವರ ಮೇಲೆ ಕಲ್ಲೆಸೆಯುವುದು ಸುಲಭ. ಆದರೂ ಆ ತಾಯಂದಿರ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆ 350 ಜನರ ವಿಷಯದಲ್ಲಿ ದೇಶಕ್ಕೆ ಶೇಕಡ 10ರಷ್ಟು ಹೊಣೆಯಿದೆ ಎಂದು ನೆದರ್ಲೆಂಡ್ಸ್‌ನ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಹೊಣೆಯನ್ನು ಶೇಕಡಾವಾರು ಅಳೆಯುವುದು ನ್ಯಾಯಾಲಯಕ್ಕೆ ಸಾಧ್ಯ. ಮನಸ್ಸಾಕ್ಷಿಯ ಬಳಿ ಅಂಥ ತಕ್ಕಡಿ ಇಲ್ಲ.

ಅದಕ್ಕೆ ಒಂದು ವರ್ಷ ಮೊದಲು, 1994ರಲ್ಲಿ, ರುವಾಂಡದಲ್ಲಿ ನರಮೇಧ ನಡೆಯಿತು. ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಯನ್ನು ಹೆಚ್ಚಿಸುವ ಬದಲು ಕಡಿತಗೊಳಿಸಿದರು. ಉಳಿದವರಲ್ಲಿ ಸೆನೆಗಲ್ ದೇಶದ ಕ್ಯಾಪ್ಟನ್ ಎಂಬಾಯ್ ಜಾಗ್ನ್ ಎಂಬ ಮುಸ್ಲಿಂ ಅಧಿಕಾರಿ ಒಬ್ಬರು. ಕೈಯಲ್ಲಿ ಆಯುಧವಿಲ್ಲದ ವೀಕ್ಷಕ. ನೋಡಿ ವರದಿ ಬರೆಯುವುದಷ್ಟೇ ಅವರ ಕೆಲಸ. ಅವರು ತಮ್ಮ ವಾಹನದಲ್ಲಿ ಕೆಲವೇ ಜನರನ್ನು ಕೂರಿಸಿಕೊಂಡು, ಕೊಲೆಗಡುಕರ ತಡೆಗಳನ್ನು ನಗೆಮಾತಿನಿಂದಲೇ ದಾಟಿಸಿ, ಮತ್ತೆ ಹಿಂದಿರುಗಿ ಇನ್ನಷ್ಟು ಜನರನ್ನು ಕರೆತಂದು, ನೂರಾರು ಜೀವ ಉಳಿಸಿದರು. ಮೇ 31ರಂದು ಶೆಲ್ ದಾಳಿಗೆ ಬಲಿಯಾದರು. 2014ರಲ್ಲಿ ವಿಶ್ವಸಂಸ್ಥೆ ಅಸಾಧಾರಣ ಧೈರ್ಯಕ್ಕೆ ಅವರ ಹೆಸರಿನಲ್ಲೇ ಪದಕವನ್ನು ಸ್ಥಾಪಿಸಿತು. 2016ರಲ್ಲಿ ಮೊದಲನೆಯದನ್ನು ಅವರ ಮಡದಿಯ ಕೈಗೆ ಕೊಟ್ಟಿತು.

ಸಹಿಸಿ ನಿಲ್ಲುವ ಬಗ್ಗೆ ಅಕ್ವಿನಾಸರು ಇನ್ನೊಂದು ಮಾತು ಸೇರಿಸಿದ್ದಾರೆ: ದೇಹ ಪೆಟ್ಟು ತಿನ್ನುತ್ತಿದ್ದರೂ ಆತ್ಮ ಒಳಿತನ್ನು ಬಿಗಿಯಾಗಿ ಹಿಡಿದಿರಬೇಕು. ಆ ಹಿಡಿತವಿಲ್ಲದಿದ್ದರೆ ನಿಂತದ್ದು ಬರೀ ಹಾಜರಿಯೇ. ದಿನ ಎಣಿಸುವ ಪದಕಕ್ಕೆ ಈ ವ್ಯತ್ಯಾಸ ತಿಳಿಯದು.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲೂ ಶಾಂತಿಪಾಲಕರಿದ್ದಾರೆ. ಹೊಗೆಸೊಪ್ಪಿನ ಬ್ಯಾರನ್ನು, ಹೊಲದ ಬದು ಎಂದು ಅಣ್ಣತಮ್ಮಂದಿರು ಕೈ ಎತ್ತಿದಾಗ ನಡುವೆ ನುಗ್ಗಿ ಪೆಟ್ಟು ತಿನ್ನುವ ತಾಯಿ ಅಂಥವಳು. ಯೇಸುಸ್ವಾಮಿ ಬೆಟ್ಟದ ಮೇಲೆ ದೇವರ ಮಕ್ಕಳೆಂದು ಕರೆದದ್ದು ಶಾಂತಿಗಾಗಿ ದುಡಿಯುವವರನ್ನು. ಆ ತಾಯಿ ಅವರ ಸಾಲಿಗೆ ಸೇರಿದವಳು. ಆದರೆ ಕುಡಿದು ಬಂದ ಮಗ ಹೆಂಡತಿಯನ್ನು ಹೊಡೆದಾಗ, ‘ನೀನೇ ಸ್ವಲ್ಪ ಸುಮ್ಮನಿರಮ್ಮ, ಮನೆ ಮರ್ಯಾದೆ ಹೋಗುತ್ತೆ’ ಎಂದು ಸೊಸೆಗೆ ಬುದ್ಧಿ ಹೇಳುವ ಹಿರಿಯರೂ ತಾವು ಮನೆಯ ಶಾಂತಿ ಕಾಯುತ್ತಿದ್ದೇವೆಂದೇ ನಂಬಿರುತ್ತಾರೆ. ಅಂಥ ಮನೆಯಲ್ಲಿ ಇಪ್ಪತ್ತು ವರ್ಷ ಜಗಳದ ಸದ್ದೇ ಕೇಳಿಸದಿರಬಹುದು. ಊರಿನವರು ‘ಒಳ್ಳೆಯ ಕುಟುಂಬ’ ಎನ್ನಬಹುದು. ಆ ಸೊಸೆಯನ್ನೊಮ್ಮೆ ಕೇಳಿ ನೋಡಿ.