ಸಮುದ್ರಪೂಜೆಯೂ ಅಳಿವೆಯ ಪಾಠವೂ

ನೂಲು ಹುಣ್ಣಿಮೆಯ ಹೊತ್ತಿಗೆ ಕರಾವಳಿಯ ಮೀನುಗಾರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಪೂಜಿಸುತ್ತಾರೆ. ಕಡಲನ್ನು ಹೀಗೆ ಪೂಜಿಸುವ ಸೀಮೆಯ ಮಕ್ಕಳನ್ನು ಅಳಿವೆಯ ಕೆಸರಿಗಿಳಿಸಿ ಏಡಿ, ಬಳಚು ಎಂಬ ಚಿಪ್ಪುಜೀವಿ, ಕಾಂಡ್ಲಾ ಗಿಡಗಳ ಪಾಠ ಹೇಳಬೇಕೆ? ಭಕ್ತಿಯೊಂದೇ ಸಾಲದೆ? ಸಾಲದು ಎನ್ನಲು ಭಕ್ತಿಯ ಪರಂಪರೆಯಲ್ಲೇ ಆಧಾರವಿದೆ. ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪ್ರಕಾರ, ಮಾಹಾತ್ಮ್ಯವನ್ನು ಅರಿತು ಬೆಳೆದ ದೃಢವಾದ ಸ್ನೇಹವೇ ಭಕ್ತಿ. ಅವರು ಹೇಳಿದ್ದು ಭಗವಂತನ ವಿಷಯದಲ್ಲಿ, ನಿಜ. ಆದರೆ ಜಗತ್ತು ಸತ್ಯ, ಜೀವಜೀವಗಳ ನಡುವಿನ ಭೇದವೂ ಸತ್ಯ ಎಂದು ಸಾರಿದವರೂ ಅವರೇ. ಇವೆರಡನ್ನೂ ಕೂಡಿಸಿ ನೋಡಿದರೆ, ಒಂದೊಂದು ಜೀವಿಯನ್ನೂ ಅದರದರ ಗುಣದಲ್ಲಿ ಅರಿಯದೆ ಸೃಷ್ಟಿಯ ಮೇಲಿನ ಪ್ರೀತಿ ಬೇರೂರದು ಎಂದೇ ನನಗೆ ತೋರುತ್ತದೆ.

2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ, ಕುಮಟಾ ಬಳಿಯ ಅಘನಾಶಿನಿ ಅಳಿವೆಯನ್ನೇ ನೋಡಿ. ಕಾಂಡ್ಲಾ ದಡದ ಸವೆತ ತಡೆಯುತ್ತದೆ ಎಂಬ ಒಂದು ವಾಕ್ಯ ಪರೀಕ್ಷೆಗೆ ಸಾಕು. ಇಳಿತದ ಹೊತ್ತಿನಲ್ಲಿ ಅಲ್ಲಿಗಿಳಿದ ಮಗುವಿಗಾದರೋ ಒಂದು ಜಾತಿಯ ಗಿಡ ಬಿಳಲೂರಿ ನಿಂತಿರುವುದೂ, ಇನ್ನೊಂದರ ಉಸಿರುಬೇರುಗಳು ಕೆಸರಿನಿಂದ ಮೇಲೆದ್ದಿರುವುದೂ, ಬೀಜ ತಾಯಿಮರದಲ್ಲೇ ಮೊಳೆತು ಜೋತುಬಿದ್ದಿರುವುದೂ ಕಾಣುತ್ತದೆ. ಎರಡು ಪಾತ್ರೆಗಳಲ್ಲಿ ಕದಡಿದ ಅಳಿವೆಯ ನೀರು ತುಂಬಿ ಒಂದರಲ್ಲಿ ಮಾತ್ರ ಜೀವಂತ ಬಳಚು ಇಟ್ಟರೆ, ಆ ಪಾತ್ರೆಯ ನೀರು ಬೇಗ ತಿಳಿಯಾಗುತ್ತದೆ. ಬಳಚು ನೀರನ್ನು ಸೋಸಿಯೇ ಉಣ್ಣುವ ಜೀವಿಯೆಂದು ಮಕ್ಕಳು ತಾವೇ ಊಹಿಸುತ್ತಾರೆ. ಪ್ರತ್ಯಕ್ಷದಿಂದ ಅನುಮಾನಕ್ಕೆ ಸಾಗುವ ದಾರಿ ಇದು.

ಮಕ್ಕಳ ತುಳಿತಕ್ಕೆ ಸಿಕ್ಕಿ ಜೀವಿಗಳು ಸಾಯುವುದಿಲ್ಲವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಚಿಕ್ಕ ಗುಂಪು, ಗೊತ್ತಾದ ದಾರಿ, ಎತ್ತಿದ್ದನ್ನು ಎತ್ತಿದಲ್ಲೇ ಬಿಡುವ ನಿಯಮ ಬೇಕು. ಆ ಸಂಯಮವೂ ಪಾಠದ ಭಾಗವೇ. ಬಳಚು ಆಯುವವರ ಮಕ್ಕಳಿಗೆ ಇದೆಲ್ಲ ಗೊತ್ತೇ ಇದೆಯಲ್ಲ ಎನ್ನಬಹುದು. ಹಾಗಿದ್ದರೆ ಆ ಮಕ್ಕಳ ತಾಯಂದಿರನ್ನೇ ಗುರುಗಳಾಗಿ ಕರೆಯಬೇಕು. ಮನೆಯ ಅರಿವನ್ನು ಶಾಲೆ ಅರಿವೆಂದು ಒಪ್ಪಿದಂತಾಗುತ್ತದೆ. ಅಳಿವೆಯನ್ನು ಚೆನ್ನಾಗಿ ಬಲ್ಲವರೇ ಅಲ್ಲಿ ಮರಳು ಬಗೆಯುವುದೂ ಉಂಟು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಹೌದು, ಅರಿವೊಂದೇ ದಯೆಯನ್ನು ತರದು. ಆದರೆ ಅರಿಯದವನ ದಯೆಗೆ ಯಾವುದನ್ನು ಉಳಿಸಬೇಕೆಂಬುದೇ ತಿಳಿಯದು. ಜೀವಿಗಳಲ್ಲಿ ಅನುಕಂಪವಿರಲಿ ಎಂದು ಸಂವಿಧಾನದ 51ಎ ವಿಧಿ ಪ್ರತಿ ನಾಗರಿಕನಿಗೂ ವಿಧಿಸಿದೆ. ಆ ಕರ್ತವ್ಯವನ್ನು ಮಕ್ಕಳಿಂದ ನಿರೀಕ್ಷಿಸುವ ನಾವು, ಕರಾವಳಿಯ ಪ್ರತಿ ಶಾಲೆಯ ವೇಳಾಪಟ್ಟಿಯಲ್ಲೂ ಇಳಿತದ ಹೊತ್ತಿಗೆ ಹೊಂದುವ ಪಾಠಕ್ಕೆ ಜಾಗ ಮಾಡಿಕೊಡಲೇಬೇಕು.