ಸೀಟಿನ ಬೆನ್ನಿನ ಜೇಬು

ವಿಮಾನದಲ್ಲಿ ನಮ್ಮ ಮುಂದಿನ ಸೀಟಿನ ಬೆನ್ನಿಗಿರುವ ಜೇಬಿನಲ್ಲಿ ಎಷ್ಟೋ ಸಲ ಎರಡು ಮುದ್ರಿತ ವಸ್ತುಗಳಿರುತ್ತವೆ. ಒಂದು, ವಿಮಾನ ಸಂಸ್ಥೆಯ ಪತ್ರಿಕೆ. ಬೇಕಾದರೆ ಮನೆಗೆ ಒಯ್ಯಿರಿ ಎಂದು ಎಷ್ಟೋ ಸಂಸ್ಥೆಗಳು ಅದರ ಮೇಲೆಯೇ ಅಚ್ಚು ಹಾಕಿಸುತ್ತವೆ. ಇನ್ನೊಂದು, ಸುರಕ್ಷತಾ ಕಾರ್ಡು. ಇದನ್ನು ಹೊರಗೆ ಒಯ್ಯಬೇಡಿ ಎಂಬ ಸೂಚನೆ ಅದರಲ್ಲಿರುತ್ತದೆ. ಇವೆರಡನ್ನೂ ಸಂಗ್ರಹಿಸುವ ಹವ್ಯಾಸಿಗಳು ಜಗತ್ತಿನ ಎಲ್ಲ ಕಡೆ ಇದ್ದಾರೆ. ಪತ್ರಿಕೆಯ ಬಗ್ಗೆ ತಕರಾರಿಲ್ಲ. ಆದರೆ ಕಾರ್ಡನ್ನು ಸದ್ದಿಲ್ಲದೆ ಬ್ಯಾಗಿಗೆ ಇಳಿಸುವುದು ಕಳ್ಳತನವೇ?

ಅಲ್ಲ ಎನ್ನುವವರ ಬಳಿ ಮೂರು ವಾದಗಳಿವೆ. ಮೊದಲನೆಯದು, ಅದರ ಬೆಲೆ ತೀರಾ ಕಡಿಮೆ. ನಿಜ, ಆದರೆ ಕಾರ್ಡಿನ ಮಹತ್ವ ಅದರ ಬೆಲೆಯಲ್ಲಿಲ್ಲ, ಅದು ಇರುವ ಜಾಗದಲ್ಲಿದೆ. ಏರ್‌ಬಸ್ ಎ320ರ ಕಾರ್ಡು ಎಟಿಆರ್ 72ರಲ್ಲಿ ಉಪಯೋಗಕ್ಕೆ ಬಾರದು. ಬಾಗಿಲುಗಳಿರುವ ಜಾಗ, ಅವನ್ನು ತೆರೆಯುವ ಬಗೆ ಎರಡೂ ಬೇರೆ.

ಎರಡನೆಯದು, ಹೇಗೂ ಯಾರೂ ಅದನ್ನು ಓದುವುದಿಲ್ಲ. ಇದರಲ್ಲಿ ಹುರುಳಿದೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿದ ಯುಎಸ್ ಏರ್‌ವೇಸ್ ವಿಮಾನದ 155 ಮಂದಿಯೂ ಬದುಕುಳಿದರು. ಅವರಲ್ಲಿ ಬಹುಪಾಲು ಪ್ರಯಾಣಿಕರು ಸುರಕ್ಷತಾ ಪ್ರಾತ್ಯಕ್ಷಿಕೆಯನ್ನೇ ನೋಡಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಹಾಗಿದ್ದರೂ ಕಾರ್ಡಿನಲ್ಲಿ ಅಕ್ಷರಕ್ಕಿಂತ ಚಿತ್ರಗಳೇ ಏಕೆ ಹೆಚ್ಚು? ಮಗಳ ಬಾಣಂತನಕ್ಕೆಂದು ಮೊದಲ ಸಲ ಅಮೆರಿಕಕ್ಕೆ ಹೊರಟ, ಕನ್ನಡವೊಂದೇ ಬಲ್ಲ ತಾಯಿಯೊಬ್ಬರನ್ನು ನೆನೆಸಿಕೊಳ್ಳಿ. ತಿಳಿಯದ ನುಡಿಯ ಪ್ರಕಟಣೆ ಅವರ ಪಾಲಿಗೆ ಬರೀ ಸದ್ದು. ಚಿತ್ರಗಳು ಮಾತ್ರ ಅವರೊಡನೆ ಮಾತಾಡುತ್ತವೆ. ನಾನು ಎದ್ದುಹೋದ ಸೀಟಿನಲ್ಲಿ ಮುಂದೆ ಕೂರುವವರು ಅವರೇ ಇರಬಹುದು. ನನಗೆ ಬೇಡವಾದದ್ದು ಅವರಿಗೂ ಬೇಡ ಎಂದು ತೀರ್ಮಾನಿಸಲು ನಾನು ಯಾರು?

ಮೂರನೆಯ ವಾದ ಗಟ್ಟಿಯಾದದ್ದು: ನಾವು ಚರಿತ್ರೆಯನ್ನು ಉಳಿಸುತ್ತಿದ್ದೇವೆ. ಪ್ಯಾನ್ ಆ್ಯಮ್ 1991ರಲ್ಲಿ ಮುಚ್ಚಿತು. ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ಹಾರಾಟ ನಿಲ್ಲಿಸಿದವು. ಸಂಸ್ಥೆಯೇ ಮುಳುಗುವಾಗ ಅದರ ಕಾಗದಗಳನ್ನು ಜೋಪಾನ ಮಾಡುವವರು ಯಾರು? ಹಳೆಯ ಕಾಗದಗಳನ್ನೇ ನಂಬಿ ಪಿಎಚ್‌ಡಿಗೆ ಕೂತಿರುವ ನನ್ನಂಥವರು ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾರೆವು. ಯಾರೋ ಬಿಸಾಡದೆ ಇಟ್ಟುಕೊಂಡದ್ದೇ ನಮ್ಮ ಆಕರ. ಅದು ಅವರ ಕೈಗೆ ಹೇಗೆ ಬಂತೆಂದು ನಾವು ಕೇಳುವುದೂ ಇಲ್ಲ.

ಆದರೂ ಉಳಿಸುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಕೆಲಸ ಮುಗಿಸಿದ ಕಾರ್ಡನ್ನು ಎತ್ತಿಟ್ಟುಕೊಂಡರೆ ಅದು ಉಳಿಸಿದ ಹಾಗೆ. ಇನ್ನೂ ಕೆಲಸದಲ್ಲಿರುವಾಗಲೇ ಎತ್ತಿಕೊಂಡರೆ ಇನ್ನೊಬ್ಬರ ಪಾಲಿನದನ್ನು ಕಿತ್ತುಕೊಂಡ ಹಾಗೆ. ನ್ಯಾಯವಾದ ದಾರಿಗಳೂ ಇವೆ. ಸಿಬ್ಬಂದಿಯನ್ನು ಕೇಳಬಹುದು, ಬಳಕೆಯಿಂದ ಹೊರಬಿದ್ದ ಕಾರ್ಡುಗಳನ್ನು ಇತರ ಸಂಗ್ರಾಹಕರಿಂದ ಪಡೆಯಬಹುದು. ಹೀಗೆ ಕಾಯುತ್ತ ಕೂತರೆ ಕೆಲವು ಕಾರ್ಡುಗಳು ಸಿಗದೇ ಹೋಗುತ್ತವೆ, ಕೆಲವು ಜಗತ್ತಿನಿಂದಲೇ ಅಳಿಯುತ್ತವೆ. ಆ ನಷ್ಟವನ್ನು ಒಪ್ಪಿಕೊಳ್ಳಬೇಕು ಎಂದೇ ನನಗನ್ನಿಸುತ್ತದೆ. ಕಾರ್ಡೊಂದು ಉಳಿಯದಿದ್ದರೆ ನಾಳಿನ ಸಂಶೋಧಕರ ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿ ಕಡಿಮೆಯಾದೀತು. ಆ ತಾಯಿಯ ಮುಂದಿನ ಜೇಬು ಬರಿದಾಗಿದ್ದರೆ, ಬೇಕಾದ ಹೊತ್ತಿನಲ್ಲಿ ಬಾಗಿಲು ಎಲ್ಲಿದೆಯೆಂದೇ ಅವರಿಗೆ ತಿಳಿಯದೆ ಹೋದೀತು.