ಗಂಜಿಯಿಲ್ಲದೆ ನಿಂತ ಚೀಲ

ನಮ್ಮ ಅತ್ತೆಗೆ ಮೂವರು ಮಕ್ಕಳು, ಮೂವರೂ ಟೆಕ್ಸಾಸಿನಲ್ಲಿ. ನಾವು ಡಾಲಸ್ ಪಕ್ಕದ ಪ್ಲೇನೋದಲ್ಲಿ, ನಾದಿನಿ ಹ್ಯೂಸ್ಟನ್ ಹತ್ತಿರದ ಪೇರ್‌ಲ್ಯಾಂಡಿನಲ್ಲಿ, ಮೈದುನ ಆಸ್ಟಿನ್ ಮಗ್ಗುಲಿನ ರೌಂಡ್ ರಾಕ್‌ನಲ್ಲಿ. ಅತ್ತೆ ನಾಲ್ಕು ನಾಲ್ಕು ತಿಂಗಳು ಒಬ್ಬೊಬ್ಬರ ಮನೆಯಲ್ಲಿರುತ್ತಾರೆ. ಅವರು ಹೋದಲ್ಲಿಗೆ ಅವರ ದೇವರೂ ಹೋಗಬೇಕು. ಹೆಬ್ಬೆರಳುದ್ದದ ಹಿತ್ತಾಳೆಯ ಅಂಬೆಗಾಲು ಕೃಷ್ಣ, ಮಂತ್ರಾಲಯದ ಮೃತ್ತಿಕೆ ಇಟ್ಟ ಬೆಳ್ಳಿಯ ಭರಣಿ, ಒಂದು ನೀಲಾಂಜನ, ತುಳಸಿಮಣಿ, ರಟ್ಟು ಕಿತ್ತ ಸ್ತೋತ್ರದ ಪುಸ್ತಕ. ಇಷ್ಟನ್ನೂ ಧಾರವಾಡದಿಂದ ತಂದ ಹಳೆಯ ರೇಷ್ಮೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಯ್ಯುತ್ತಿದ್ದರು. ಡಾಲಸ್‌ನಿಂದ ಹ್ಯೂಸ್ಟನ್ನಿಗೆ 240 ಮೈಲಿ. ಇಳಿಸಿ ಗಂಟು ಬಿಚ್ಚಿದಾಗ ಕೃಷ್ಣ ತಲೆಕೆಳಗಾಗಿರುತ್ತಿದ್ದ, ಅತ್ತೆಯ ಮುಖ ಸಣ್ಣದಾಗುತ್ತಿತ್ತು. ಅಂಗಡಿಯಲ್ಲಿ ಒಳ್ಳೆಯ ಕೈಚೀಲ ಹುಡುಕಿದರೆ ಹಿಡಿಕೆಗಾದರೂ ಚರ್ಮ ಇದ್ದೇ ಇರುತ್ತಿತ್ತು. ದೇವರಿಗೆ ಚರ್ಮ ನಡೆಯದು. “ನೀನ ಏನರ ಹೆಣದು ಕೊಡವಾ” ಅಂದರು.

ನನಗೆ ಕ್ರೋಶಾ ಬರುತ್ತಿದ್ದದ್ದು ಸೀರೆಯ ಸೆರಗಿಗೆ ಕುಚ್ಚು ಹಾಕುವಷ್ಟು. ಕುಚ್ಚು ಜೋತಾಡಬೇಕು; ದೇವರ ಚೀಲ ನೆಟ್ಟಗೆ ನಿಲ್ಲಬೇಕು. ನಿಲ್ಲುವ ಚೀಲ ಹೆಣೆಯುವವರು ಸಾಮಾನ್ಯವಾಗಿ ಒಳಗೆ ತೂತುತೂತಿನ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಇಡುತ್ತಾರೆ, ಇಲ್ಲವೆ ಬಕ್ರಮ್ ಹಚ್ಚಿದ ಅಸ್ತರಿ ಹೊಲಿಯುತ್ತಾರೆ. ಹಾಳೆಯನ್ನು ತಂದು ತೋರಿಸಿದೆ. ಅತ್ತೆ ಅದನ್ನು ಬಾಗಿಸಿ ನೋಡಿದರು. “ಇದನ್ನ ಇಟ್ಟರ ಇದು ನಿಂತಂಗ ಆತು. ನಿನ್ನ ನೂಲು ಇದರ ಅಂಗಿ ಅಷ್ಟ.” ಆ ಮಾತು ನನ್ನನ್ನು ಬಿಡಲಿಲ್ಲ. ನಿಲುವು ನೂಲಿನದೇ ಆಗಬೇಕು ಎಂದು ನಾನೂ ಹಟ ಹಿಡಿದೆ.

ಮೊದಲ ಚೀಲಕ್ಕೆ ನನಗೆ ಹೊಳೆದದ್ದು ಗಂಜಿ. ನಮ್ಮ ತಾಯಿ ವಾಯಿಲ್ ಸೀರೆಗೆ ಹಾಕುತ್ತಿದ್ದ ಅನ್ನದ ಗಂಜಿಯೇ. 5 ಮಿ.ಮೀ. ಕಡ್ಡಿಯಲ್ಲಿ ಹತ್ತಿ ನೂಲನ್ನು ಸಡಿಲವಾಗಿ, ಚೆಂದವಾಗಿ ಹೆಣೆದು, ಗಂಜಿಯಲ್ಲಿ ಅದ್ದಿ, ಬೋರಲು ಹಾಕಿದ ಡಬ್ಬಿಯ ಮೇಲೆ ಒಣಗಿಸಿದೆ. ಪ್ಲೇನೋದ ಬಿಸಿಲಿಗೆ ಒಣಗಿ ಪೆಟ್ಟಿಗೆಯ ಹಾಗೆ ನಿಂತಿತು. ಜೂನಿನಲ್ಲಿ ಅತ್ತೆಯ ಜೊತೆ ಹ್ಯೂಸ್ಟನ್ನಿಗೆ ಹೋಯಿತು. ಅಲ್ಲಿಯ ಗಾಳಿ ಸಮುದ್ರದ ಕಡೆಯದು, ಹಿಂಡಿದರೆ ನೀರು ಬೀಳುವಂಥದು. ಹದಿನೈದು ದಿನದಲ್ಲಿ ನಾದಿನಿ ಫೋಟೊ ಕಳಿಸಿದಳು. ಗೋಡೆಗಳು ಕುಸಿದಿವೆ, ತಳದಲ್ಲಿ ಇರುವೆಯ ಸಾಲು, ನಡುವೆ ಕೃಷ್ಣ ವಾಲಿಕೊಂಡಿದ್ದಾನೆ. ನೋಡಿ ಅಳು ಬಂತು.

ಚೀಲ ವಾಪಸು ಬಂದ ಮೇಲೆ ತೊಳೆದು ಬಿಚ್ಚಲು ಕೂತೆ. ಇಳಕಲ್ ಸೀರೆಯನ್ನು ಹೀಗೆ ಬಿಚ್ಚಲು ಬರುವುದಿಲ್ಲ, ಅಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಕ್ರೋಶಾದಲ್ಲಿ ಒಂದೇ ಎಳೆ. ಪ್ರತಿ ಕುಣಿಕೆಯೂ ಹಿಂದಿನ ಕುಣಿಕೆಯೊಳಗಿಂದ ಎದ್ದು ಬಂದದ್ದು. ಕೊನೆಯ ಕುಣಿಕೆ ಬಿಡಿಸಿ ಎಳೆದರೆ ಸರ್ರನೆ ಇಡೀ ಚೀಲ ಕೈಗೆ ಬರುತ್ತದೆ. ಹದಿನೆಂಟು ಸಂಜೆಯ ಕೆಲಸ ಮುಕ್ಕಾಲು ಗಂಟೆಯಲ್ಲಿ ಉಂಡೆಯಾಯಿತು. ಹಾಗಾದರೆ ಇಷ್ಟು ದಿನ ಇದ್ದ ಚೀಲ ಎಲ್ಲಿ ಹೋಯಿತು?

ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುವಾಗ ಈ ಪ್ರಶ್ನೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗನಿಗೆ ಮಣ್ಣಿನ ಉದಾಹರಣೆ ಕೊಡುತ್ತಾನೆ. ಮಡಕೆ ಎಂಬುದು ಹೆಸರು, ಇರುವುದು ಮಣ್ಣು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಅದನ್ನೇ ನೂಲು ಮತ್ತು ಬಟ್ಟೆಗೆ ಹೇಳುತ್ತಾರೆ: ಎಳೆಗಳನ್ನು ಬಿಟ್ಟು ಬಟ್ಟೆ ಎಂಬ ಬೇರೆ ವಸ್ತು ಸಿಗುವುದಿಲ್ಲ. ನ್ಯಾಯದರ್ಶನದವರಾದ ನೈಯಾಯಿಕರು ಒಪ್ಪುವುದಿಲ್ಲ. ಬಟ್ಟೆ ಹೊಸದಾಗಿ ಹುಟ್ಟಿದ ಅವಯವಿ, ಅಂದರೆ ಭಾಗಗಳಿಂದಾದ ಇಡಿ ವಸ್ತು; ಎಳೆಗಳಲ್ಲಿ ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುತ್ತದೆ, ನೂಲಿನ ರಾಶಿ ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ ಎನ್ನುತ್ತಾರೆ. ಅವರ ವಿರುದ್ಧ ಒಂದು ಹಳೆಯ ಆಕ್ಷೇಪವಿದೆ. ಬಟ್ಟೆ ಬೇರೆ ವಸ್ತುವಾದರೆ ನೂಲಿನ ಭಾರದ ಮೇಲೆ ಅದರ ಭಾರವೂ ಸೇರಬೇಕಲ್ಲ?

ಇದನ್ನು ತೂಗಿ ನೋಡಬಹುದು ಎಂದು ಆಗ ಹೊಳೆದಿರಲಿಲ್ಲ. ಎರಡನೆಯ ಚೀಲ ಶುರುಮಾಡುವ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ನೂಲು ಇಟ್ಟೆ: 460 ಗ್ರಾಂ. ಮುಗಿದ ಮೇಲೆ ಚೀಲವನ್ನೂ ಉಳಿದ ನೂಲನ್ನೂ ಒಟ್ಟಿಗೆ ಇಟ್ಟೆ: 460. ತಕ್ಕಡಿ ಶಂಕರರ ಕಡೆಗಾಯಿತು. ಆದರೆ ಅದೇ ತಕ್ಕಡಿಯ ಪಕ್ಕದಲ್ಲಿ ಕೃಷ್ಣ ಚೀಲದೊಳಗೆ ನೆಟ್ಟಗೆ ಕೂತಿದ್ದ. ಉಂಡೆಯ ಮೇಲೆ ಅವನು ಕೂರುತ್ತಿರಲಿಲ್ಲ.

ಮೊದಲ ಚೀಲ ಬಿಚ್ಚುವಾಗ ಕಂಡ ಇನ್ನೊಂದನ್ನು ಹೇಳಬೇಕು. ಬಂದ ನೂಲು ನೇರವಾಗಿರಲಿಲ್ಲ. ಉದ್ದಕ್ಕೂ ಸಣ್ಣ ಸಣ್ಣ ಗುಂಗುರು. ಒಂದೊಂದು ಗುಂಗುರೂ ಒಂದು ಕುಣಿಕೆಯ ಗುರುತು. ಬಿಗಿ ಹೆಣೆದಲ್ಲಿ ಗುಂಗುರು ಒತ್ತಾಗಿ, ದಣಿದು ಸಡಿಲ ಬಿಟ್ಟಲ್ಲಿ ಅಗಲವಾಗಿ. ಯಾವ ಸಂಜೆ ಮಗನಿಗೆ ಜ್ವರ ಬಂದಿತ್ತೋ ಆ ಸಂಜೆಯನ್ನು ನೂಲಿನ ಮೇಲೆ ತೋರಿಸಬಲ್ಲೆ. ಚೀಲ ಹೋಗಿತ್ತು, ಅದರ ವಾಸನೆ ಉಳಿದಿತ್ತು. ಸಂಸ್ಕಾರ ಎಂಬ ಶಬ್ದಕ್ಕೆ ನನಗೆ ಅರ್ಥ ಹತ್ತಿದ್ದು ಆವತ್ತೇ. ಲಡಿ ಮಾಡಿ, ಒದ್ದೆ ಮಾಡಿ, ತುದಿಗೆ ಕುಟ್ಟಾಣಿ ಕಟ್ಟಿ ಎರಡು ದಿನ ತೂಗುಬಿಟ್ಟ ಮೇಲಷ್ಟೇ ನೂಲು ನೇರವಾಯಿತು.

ಈ ಸಲ ಕಡ್ಡಿ 3.5 ಮಿ.ಮೀ., ಎಳೆ ಜೋಡಿ. ತಳ ಮುಗಿದು ಗೋಡೆ ಏಳುವಲ್ಲಿ ಒಂದು ಸುತ್ತು ಹಿಂದಿನ ಎಳೆಯಲ್ಲಿ ಮಾತ್ರ ಕಡ್ಡಿ ಹಾಕಿದೆ. ಅಲ್ಲಿ ಮಡಿಕೆ ಚೂಪಾಗಿ ಕೂಡುತ್ತದೆ. ಅಲ್ಲಿಂದ ಮೇಲೆ ಪ್ರತಿ ಹೊಲಿಗೆಯನ್ನೂ ಕೆಳಗಿನ ಹೊಲಿಗೆಯ ನಟ್ಟನಡುವೆ, ಅದರ ಎರಡು ಕಾಲುಗಳ ಸಂದಿಯಲ್ಲಿ ಚುಚ್ಚಿ ತೆಗೆಯಬೇಕು. ಬಿಗಿ ಎಷ್ಟೆಂದರೆ ಕಡ್ಡಿ ಹೋಗುವಾಗ ಕಿರ್ ಎನ್ನುತ್ತದೆ. ಹೆಬ್ಬೆರಳಿನ ಬುಡ ಬಾತುಕೊಂಡಿತು. ದಿನಕ್ಕೆ ಎರಡು ಸುತ್ತಿನ ಮೇಲೆ ಆಗುತ್ತಿರಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಅವರದು ಕಸೂತಿಯ ಕೈ, ಕಸೂತಿಯಲ್ಲಿ ಗಂಟು ಹಾಕಬಾರದು. “ಇದರಾಗೂ ಗಂಟಿಲ್ಲ ನೋಡು” ಎಂದು ಸಮಾಧಾನಪಟ್ಟರು.

ಹೆಣೆಯುತ್ತಾ ನನ್ನದೇ ವಿಚಾರ ಬಂತು. 2004ರಲ್ಲಿ ಇಲ್ಲಿಗೆ ಬಂದಾಗ ನನ್ನಲ್ಲಿ ಆಚಾರ ಬೇಕಾದಷ್ಟಿತ್ತು. ಏಕಾದಶಿ, ದಿನದ ದೇವರ ದೀಪ, ಚಾತುರ್ಮಾಸ್ಯದ ಊಟದ ನೇಮ. ವರ್ಷ ತುಂಬುವುದರೊಳಗೆ ಎಲ್ಲ ಕುಸಿಯಿತು. ಯಾರೂ ಬೇಡ ಎನ್ನಲಿಲ್ಲ. ಊರಿನಲ್ಲಿ ಮಠದ ಗಂಟೆ, ಎದುರು ಮನೆಯವರ ಕಣ್ಣು, ಅಮ್ಮನ ಅಡುಗೆ ನನ್ನನ್ನು ನಿಲ್ಲಿಸಿದ್ದವು. ಅದು ಗಂಜಿ. ಗಂಜಿಯನ್ನು ನಾನು ಹಗುರ ಮಾಡುವುದಿಲ್ಲ, ಅದು ಇದ್ದ ಹವೆಯಲ್ಲಿ ನಿಜವಾಗಿಯೂ ನಿಲ್ಲಿಸಿತ್ತು. ಅತ್ತೆಯದು ಹಾಗಲ್ಲ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಡಾಲಸ್ ಸೊನ್ನೆಗಿಂತ 19 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದು ನಮ್ಮ ಮನೆಯ ಕರೆಂಟು ಹೋದಾಗ ಅವರು ಸ್ನಾನ ಬಿಟ್ಟರು, ಮಡಿ ಬಿಟ್ಟರು, ಕಾಲುಚೀಲ ಹಾಕಿಕೊಂಡು ಎರಡು ಶಾಲು ಹೊದ್ದರು. ಆಪತ್ತಿನಾಗ ಮಡಿ ಇಲ್ಲ ಎಂದರು. ಆದರೆ ಬೆಳಗಿನ ಐದೂವರೆಗೆ ಕತ್ತಲಲ್ಲಿ ತಡಕಿ ನೀಲಾಂಜನ ಹಚ್ಚಿದರು, ಮೂರು ದಿನವೂ. ಯಾವುದನ್ನು ಬಿಡಬಹುದು, ಯಾವುದನ್ನು ಬಿಟ್ಟರೆ ಎಲ್ಲ ಬಿಚ್ಚುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು.

ಆಕಾರ ಬರಿ ಹೆಸರು ಎಂದು ಒಪ್ಪಲು ನನಗೆ ಈಗ ಆಗುವುದಿಲ್ಲ. ನೂಲಿನಿಂದ ಬೇರೆ ಕಿತ್ತು ತೋರಿಸಲೂ ಬರುವುದಿಲ್ಲ. ನಮ್ಮ ದ್ವೈತಿಗಳು ವಿಶೇಷ ಎಂಬ ಪದಾರ್ಥ ಹೇಳುತ್ತಾರೆ, ಬೇರ್ಪಡದೆ ಇರುವುದನ್ನೂ ಬೇರೆಯಾಗಿ ಹೇಳಲು ಬರುವಂತೆ ಮಾಡುವ ವಸ್ತುವಿನದೇ ಶಕ್ತಿ. ಎಂ.ಎ.ಯಲ್ಲಿ ಅದು ತಪ್ಪಿಸಿಕೊಳ್ಳುವ ಉಪಾಯದಂತೆ ಕಂಡಿತ್ತು. ಬಾತ ಹೆಬ್ಬೆರಳಿನಿಂದ ಚೀಲದ ಗೋಡೆ ಒತ್ತಿ ನೋಡಿದಾಗ ಹಾಗೆ ಕಾಣಲಿಲ್ಲ. ಒತ್ತಿದರೆ ಗೋಡೆ ತಿರುಗಿ ಒತ್ತುತ್ತಿತ್ತು. ಆ ಬಲ ನೂಲಿನದೇ, ಆದರೆ ಯಾವ ಒಂದು ಎಳೆಯದೂ ಅಲ್ಲ. ಒಂದು ಇನ್ನೊಂದನ್ನು ಹಿಡಿದದ್ದರದು. ಅದಕ್ಕೆ ಭಾರವಿಲ್ಲ, ಇಲ್ಲವೆನ್ನಲಾಗದು.

ಮುಂದಿನ ಬೇಸಿಗೆ ಪೂರ್ತಿ ಈ ಚೀಲ ಹ್ಯೂಸ್ಟನ್ನಿನಲ್ಲಿ ಇತ್ತು, ಕುಸಿಯಲಿಲ್ಲ. ಕೊನೆಯ ಕುಣಿಕೆ ಮುಗಿಸಿ ಎಳೆಯನ್ನು ಸೂಜಿಯಿಂದ ಒಳಗೆ ಅಡಗಿಸುವ ದಿನ ಅತ್ತೆ ಕೈ ಹಿಡಿದದ್ದು ನೆನಪಾಗುತ್ತದೆ. “ತುದಿ ಪೂರಾ ಮುಚ್ಚಬ್ಯಾಡ. ನನ್ನ ಮ್ಯಾಲ ಹುಡುಗಿ ಏನರ ಬ್ಯಾರೆ ಮಾಡಬೇಕಂದರ ಆಕಿಗೆ ಸಿಗಬೇಕು.” ಹುಡುಗಿ ಎಂದರೆ ಆಸ್ಟಿನ್ನಿನ ಮೊಮ್ಮಗಳು, ಹನ್ನೊಂದು ವರ್ಷ. ಎಡಮೂಲೆಯ ಒಳಬದಿಯಲ್ಲಿ ಎರಡಂಗುಲ ತುದಿ ಬಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಅದರ ಪಕ್ಕದಲ್ಲಿ ಕೆಂಪು ದಾರದಿಂದ ಗುರುತಿಗೆ ಕಸೂತಿಯ ಒಂದು ಗವಂತಿ ಹೊಲಿಗೆ ಹಾಕಿದರು, ಗಂಟಿಲ್ಲದೆ.